ಗುಜರಿ ರಾಶಿಯಲ್ಲಿ ಸತು

ಹವ್ಯಾಸಕ್ಕೆ ಎರಕ ಹೊಯ್ಯುವವರಿಗೆ ಸತು ಬಹಳ ಅನುಕೂಲದ ಲೋಹ. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು, ಸತುವಿಗೆ 419.5 ಸಾಕು. ಬೀದರಿನ ಬಿದರಿ ಹೂಜಿಗಳ ಮೈಯಲ್ಲಿರುವುದೂ ಶೇ. 90ಕ್ಕಿಂತ ಹೆಚ್ಚು ಸತುವೇ, ಜೊತೆಗೆ ಸ್ವಲ್ಪ ತಾಮ್ರ.

ಸತು ಬೇಕೆಂದಾಗ ಅನೇಕರಿಗೆ ಮೊದಲು ನೆನಪಾಗುವುದು ಜಿಂಕ್ ಶೀಟು. ಅದರ ಹೆಸರನ್ನು ನಂಬಬೇಡಿ. ಅದು ಉಕ್ಕಿನ ತಗಡು. ಸತು ಇರುವುದು ಕೂದಲೆಳೆಗಿಂತಲೂ ತೆಳುವಾದ ಲೇಪದಲ್ಲಿ. ಅದನ್ನು ಸುಟ್ಟರೆ ಲೋಹಕ್ಕಿಂತ ಹೊಗೆಯೇ ಹೆಚ್ಚು.

ನಿಜವಾದ ಸತು ಕ್ರೋಮಿಯಂ ಹೊಳಪಿನ ಹಿಂದೆ ಅಡಗಿರುತ್ತದೆ. ಹಳೆಯ ಸ್ಕೂಟರಿನ ಕಾರ್ಬುರೇಟರ್, ಬಾಗಿಲ ಹಿಡಿ, ನಲ್ಲಿಯ ತಿರುಪು, ಆಟಿಕೆ ಕಾರು, ಜಿಪ್ಪಿನ ಎಳೆ, ಇವುಗಳಲ್ಲಿ ಹಲವು ಸತುವಿಗೆ ಸುಮಾರು ಶೇ. 4 ಅಲ್ಯೂಮಿನಿಯಂ ಬೆರೆಸಿ ಅಚ್ಚಿಗೆ ಒತ್ತಿ ಎರೆದವು. ಅಯಸ್ಕಾಂತ ಹಿಡಿದರೆ ಅದು ಉಕ್ಕು. ಅರದಿಂದ ಉಜ್ಜಿದಾಗ ಹಳದಿ ಕಂಡರೆ ಹಿತ್ತಾಳೆ. ಬೂದು ಬಿಳುಪು ಕಂಡರೆ ತುಂಡನ್ನು ತೂಗಿ, ಅಳತೆ ಜಾಡಿಯ ನೀರಿನಲ್ಲಿ ಮುಳುಗಿಸಿ, ನೀರು ಏರಿದ ಮಿಲಿಲೀಟರಿನಿಂದ ಗ್ರಾಮನ್ನು ಭಾಗಿಸಿ. 6.6ರ ಆಸುಪಾಸು ಬಂದರೆ ಸತುವಿನ ಮಿಶ್ರಲೋಹ, 2.7 ಅಲ್ಯೂಮಿನಿಯಂ, 11ರ ಮೇಲಾದರೆ ಸೀಸ. 1.8ರ ಹತ್ತಿರ ಬಂದದ್ದು ಮೆಗ್ನೀಸಿಯಂ ಇರಬಹುದು. ಅದು ಹೊತ್ತಿಕೊಂಡರೆ ನೀರು ಹಾಕಿದಷ್ಟೂ ಉರಿಯುತ್ತದೆ, ಒಲೆಯ ಹತ್ತಿರ ತರಲೇಬೇಡಿ.

ಇಷ್ಟು ಪರೀಕ್ಷೆ ಯಾಕೆ? ಈ ಮಿಶ್ರಲೋಹಕ್ಕೆ ಸೀಸ ಆಗಿಬರುವುದಿಲ್ಲ. ಒಳ್ಳೆಯ ಎರಕದಲ್ಲಿ ಸೀಸ ಶೇ. 0.005ರಷ್ಟನ್ನೂ ದಾಟಬಾರದು. ದಾಟಿದರೆ ತೇವ ಹರಳುಗಳ ನಡುವೆ ಇಳಿದು ಅವುಗಳ ಅಂಚನ್ನು ತಿನ್ನುತ್ತದೆ. ವರ್ಷಗಳಲ್ಲಿ ವಸ್ತು ಉಬ್ಬಿ, ಬಿರುಕು ಬಿಟ್ಟು, ಕೈಯಲ್ಲೇ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಎಷ್ಟೋ ಆಟಿಕೆ ರೈಲುಗಳು ಹೀಗೇ ನಾಶವಾದವು. ಟೈರಿನ ಸಮತೋಲನಕ್ಕೆ ಹಾಕುವ ತೂಕಗಳಲ್ಲಿ ಸೀಸದವೂ ಇವೆ, ಸತುವಿನವೂ ಇವೆ. ಉಗುರಿನಿಂದ ಗೀರು ಬೀಳುವ ಮೆತ್ತನೆಯದು ಸೀಸ. ಅದರ ಒಂದೇ ಒಂದು ತುಂಡು ಇಡೀ ಮೂಸೆಯನ್ನು ಕೆಡಿಸುತ್ತದೆ.

ಅಗ್ಗದ ಟಾರ್ಚ್ ಸೆಲ್ಲಿನ ಹೊರಚಿಪ್ಪು ಹೆಚ್ಚುಕಡಿಮೆ ಶುದ್ಧ ಸತು. ಆದರೆ ಒಳಗಿನ ಕರಿ ಪುಡಿ ಮತ್ತು ಲವಣ ತೆಗೆಯುವ ಶ್ರಮಕ್ಕೆ ಸಿಗುವ ಲೋಹ ಅತ್ಯಲ್ಪ, ಬಳಸಿದ ಸೆಲ್ಲಿನಲ್ಲಿ ಅದೂ ಸವೆದಿರುತ್ತದೆ. ಆಲ್ಕಲೈನ್, ಲಿಥಿಯಂ ಸೆಲ್ಲುಗಳನ್ನಂತೂ ಬಿಚ್ಚಲೇಬಾರದು. ನನ್ನ ಮಟ್ಟಿಗೆ ಗುಜರಿ ಅಂಗಡಿಯ ಬಾಗಿಲ ಹಿಡಿಗಳೇ ಮೇಲು.

ಕರಗಿಸುವ ಮುನ್ನ ಪ್ರತಿ ತುಂಡನ್ನೂ ಬಿಸಿ ಮಾಡಿ ಪೂರ್ತಿ ಒಣಗಿಸಿ. ಕುದಿದ ನೀರು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಒಂದು ಹನಿ ತೇವ ಸಾಕು, ಕರಗಿದ ಲೋಹ ಮುಖಕ್ಕೆ ಸಿಡಿಯಲು. ಕನ್ನಡಕ, ಚರ್ಮದ ಕೈಗವಸು, ಹತ್ತಿ ಬಟ್ಟೆ ಇರಲಿ. ಕೆಲಸ ಬಯಲಿನಲ್ಲೇ ನಡೆಯಲಿ. ಸತು 907 ಡಿಗ್ರಿಗೆ ಕುದಿಯುತ್ತದೆ, ಅದಕ್ಕೂ ಮೊದಲೇ ಹಬೆಯಾಡಿ ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಬಿಳಿ ಹೊಗೆ ಕಂಡ ಕೂಡಲೇ ಉರಿ ತಗ್ಗಿಸಿ, ಗಾಳಿ ಬರುವ ಕಡೆಗೆ ಸರಿದು ನಿಲ್ಲಿ.