ಮೇಜಿನ ಸಿಂಗಾರ ಮಗುವಿನ ಕೈಯಿಂದಲೇ ಆಗಲಿ

ಕೇಕು ಕತ್ತರಿಸುವ ಹುಟ್ಟುಹಬ್ಬ ಈಗ ಪೇಟೆಯ ಮನೆಗಳಿಗೆ ಸೀಮಿತವಾಗಿಲ್ಲ. ಕುಂಬಳೆ, ಬದಿಯಡ್ಕಗಳ ನಡುವೆ ಇರುವ ಪುತ್ತಿಗೆಯಂಥ ಅಡಕೆ ತೋಟದ ಊರಿಗೂ ಬಲೂನು, ಮಿನುಗುವ ಪರದೆ, ಅಕ್ಷರಗಳ ತೋರಣ ಎಲ್ಲವೂ ಒಂದೇ ಪ್ಯಾಕೆಟಿನಲ್ಲಿ ಬಂದು ಇಳಿಯುತ್ತವೆ. ದೊಡ್ಡವರು ಅರ್ಧ ಗಂಟೆಯಲ್ಲಿ ಕಟ್ಟುತ್ತಾರೆ, ಮರುದಿನ ಕಿತ್ತು ಚೀಲಕ್ಕೆ ತುಂಬುತ್ತಾರೆ. ಮಗುವಿಗೆ ಉಳಿಯುವುದು ಮೇಣದಬತ್ತಿ ಊದುವ ಮತ್ತು ಫೋಟೊಕ್ಕೆ ನಿಲ್ಲುವ ಕೆಲಸ ಮಾತ್ರ. ತನ್ನ ಹಬ್ಬಕ್ಕೆ ತಾನೇ ಅತಿಥಿಯಾಗಿ ಬಂದು ಹೋದಂತೆ ಆಗುತ್ತದೆ. ತಿಂಡಿಯ ಮೇಜನ್ನು ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲೇ ಸಿಂಗರಿಸಬೇಕು ಎನ್ನುವುದಕ್ಕೆ ಖರ್ಚಿನ ಉಳಿತಾಯ ಒಂದು ಸಣ್ಣ ಕಾರಣವಷ್ಟೇ. ಬಂದವರನ್ನು ಬರಮಾಡಿಕೊಳ್ಳುವ ಹೊಣೆ ಮಗುವಿನ ಕೈಗೆ ಬರುತ್ತದೆ ಎಂಬುದೇ ದೊಡ್ಡ ಕಾರಣ. ಅತಿಥಿಗಾಗಿ ಒಂದು ವಸ್ತುವನ್ನು ಮಾಡಿ ಇಟ್ಟ ಮಗು, ಆ ದಿನದ ಮಟ್ಟಿಗೆ ಮನೆಯ ಯಜಮಾನಿಕೆಯಲ್ಲಿ ಪಾಲು ಪಡೆಯುತ್ತದೆ.

ಈ ಪಾಲು ನಮ್ಮ ಕಡೆಯ ಮಕ್ಕಳಿಗೆ ಹೊಸದೇನಲ್ಲ. ದೀಪಾವಳಿಗೆ ಅಂಗಳದಲ್ಲಿ ನಿಲ್ಲಿಸುವ ಬಲೀಂದ್ರನಿಗೆ ಗುಡ್ಡೆ, ತೋಟ ಸುತ್ತಿ ಹೂ ತರುವವರು ಮಕ್ಕಳೇ. ಓಣಂ ಹೊತ್ತಿಗೆ ಅತ್ತಂನಿಂದ ತಿರುವೋಣದವರೆಗಿನ ಹತ್ತು ದಿನ ಹೂವಿನ ಕಳ ಹಾಕುವ ಕೆಲಸದಲ್ಲಿ, ಮನೆಯಲ್ಲಾಗಲಿ ಶಾಲೆಯಲ್ಲಾಗಲಿ, ಅವರದೇ ಮುಂದಾಳುತನ. ಚಪ್ಪರಕ್ಕೆ ತೆಂಗಿನ ಸಿರಿ ಸೀಳಿ ನೇತುಹಾಕುವಾಗಲೂ ಚಿಕ್ಕ ಕೈಗಳು ಪಕ್ಕದಲ್ಲಿ ಇರುತ್ತವೆ. ಹುಟ್ಟುಹಬ್ಬ ಹೊರಗಿನಿಂದ ಬಂದ ಆಚರಣೆಯಾದ್ದರಿಂದ ಅದರ ಸಾಮಾನೂ ಹೊರಗಿನಿಂದಲೇ ಬಂದಿತು, ಮಕ್ಕಳ ಕೈಗೆ ಕೆಲಸ ತಪ್ಪಿತು. ಆಚರಣೆಯನ್ನು ಇಟ್ಟುಕೊಂಡು ಕೆಲಸವನ್ನು ಮಕ್ಕಳಿಗೆ ಮರಳಿಸುವುದು ಕಷ್ಟವಿಲ್ಲ. ಒಂದು ಅಡಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ತೆಂಗಿನ ಮರ ಸುಮಾರು ತಿಂಗಳಿಗೊಂದು ಮಡಲು ಕೊಡುತ್ತದೆ. ಗೆರಟೆ, ಬಾಳೆನಾರು, ಹಲಸಿನ ಎಲೆಗಳಿಗಂತೂ ಬರವಿಲ್ಲ.

ಮಾಡುವ ಬಗೆಯೂ ಸರಳ. ಬಿದ್ದ ಹಾಳೆಯನ್ನು ತೊಳೆದು ನೀರಿನಲ್ಲಿ ನೆನೆಸಿದರೆ ಹೇಳಿದಂತೆ ಬಾಗುತ್ತದೆ. ದೋಣಿಯಾಕಾರಕ್ಕೆ ಕತ್ತರಿಸಿ, ಎರಡು ತುದಿ ಮಡಚಿ, ಹಿಡಿಸೂಡಿ ಕಡ್ಡಿ ಚುಚ್ಚಿ ಬಿಸಿಲಿಗೆ ಇಟ್ಟರೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಅದೇ ಮೇಜಿನ ನಡುವಿನ ಹೂದೋಣಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಾಳೆ ಬೇಡ. ನಾಲ್ಕು ಹಲಸಿನ ಎಲೆ ಸೇರಿಸಿ ಕಡ್ಡಿಯಿಂದ ಹೆಣೆದ ಕೊಟ್ಟೆಯಲ್ಲಿ ನೆಲಕಡಲೆ, ಚಕ್ಕುಲಿ ಇಡಬಹುದು. ಬಾಳೆದಿಂಡಿನ ಗೇಣುದ್ದದ ತುಂಡಿಗೆ ಕಡ್ಡಿ ಚುಚ್ಚಿ ದಾಸವಾಳ, ಕಾಕಡ ಸಿಕ್ಕಿಸಿದರೆ ದಿಂಡಿನ ನೀರೇ ಹೂವನ್ನು ಕೆಲಹೊತ್ತು ಬಾಡದಂತೆ ಕಾಯುತ್ತದೆ. ತೆಂಗಿನ ಗರಿಯಿಂದ ಗಿಳಿ, ಮೀನು, ಚೆಂಡು ಹೆಣೆಯಲು ಕಲಿಸಬಲ್ಲ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಬಣ್ಣ ಬೇಕಾದರೆ ಅಡುಗೆಮನೆಯೇ ಸಾಕು. ಅರಸಿನ ಬಳಿದ ಕಾಗದದ ಮೇಲೆ ಸಾಬೂನು ನೀರಿನಿಂದ ಬರೆದರೆ ಅಕ್ಷರ ಕೆಂಪಾಗಿ ಏಳುತ್ತದೆ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಬಿದ್ದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬರುವ ಗೆಳೆಯರ ಹೆಸರನ್ನು ಇಂಥ ಕಾಗದದಲ್ಲಿ ಬರೆದು ಅವರವರ ಜಾಗದಲ್ಲಿ ಇಡುವ ಕೆಲಸ ಹುಟ್ಟುಹಬ್ಬದ ಮಗುವಿಗೇ ಮೀಸಲಿರಲಿ. ಎಲೆ ಒರಸುವುದು, ಹೂ ಆರಿಸುವುದು ನಾಲ್ಕೈದು ವರ್ಷದವರಿಗೆ. ಮಡಚುವುದು, ಹೆಣೆಯುವುದು ಎಂಟರ ಆಸುಪಾಸಿನವರಿಗೆ. ಕತ್ತಿ ದೊಡ್ಡವರ ಕೈಯಲ್ಲೇ ಇರಲಿ.

ಕೈಯಾರೆ ಮಾಡಿದ್ದಕ್ಕೆ ಅಷ್ಟೊಂದು ಬೆಲೆ ಏಕೆ? 2012ರಲ್ಲಿ ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಆರಿಯಲಿ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕಾಗದ ಮಡಚಿ ಕಪ್ಪೆ, ಕೊಕ್ಕರೆ ಮಾಡಿದವರು ತಮ್ಮ ಸೊಟ್ಟ ಕೃತಿಗೆ ಕಟ್ಟಿದ ಬೆಲೆ ಬೇರೆಯವರು ಅದಕ್ಕೆ ಕಟ್ಟಿದ ಬೆಲೆಯ ಹಲವು ಪಟ್ಟು ಇತ್ತು. ನುರಿತವರ ಕೃತಿಯ ಬೆಲೆಗೆ ಅದು ಹೆಚ್ಚುಕಡಿಮೆ ಸಮನಾಗಿತ್ತು. ಅದೇ ಅಧ್ಯಯನದ ಇನ್ನೊಂದು ಪ್ರಯೋಗದಲ್ಲಿ, ಪೆಟ್ಟಿಗೆ ಜೋಡಿಸುವ ಕೆಲಸ ಅರ್ಧಕ್ಕೆ ನಿಂತವರಲ್ಲಿ ಆ ಅಭಿಮಾನ ಅಷ್ಟಾಗಿ ಕಾಣಲಿಲ್ಲ. ಪ್ರಯೋಗದಲ್ಲಿ ಇದ್ದವರು ದೊಡ್ಡವರು. ಆದರೆ ಮಕ್ಕಳನ್ನು ಗಮನಿಸುವ ಯಾರಿಗೂ ಅದರ ಪಾಠ ಹೊರಗಿನದೆನಿಸದು. ಮಗುವಿಗೆ ದೊಡ್ಡ ಕೆಲಸದ ಅರ್ಧ ಕೊಡುವುದಕ್ಕಿಂತ ಸಣ್ಣ ಕೆಲಸವೊಂದನ್ನು ಪೂರ್ತಿಯಾಗಿ ಕೊಡಬೇಕು. ಬಹುಮಾನದ ಆಸೆಯೂ ಬೇಡ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳಲ್ಲಿ ಕಂಡಂತೆ, ಚಿತ್ರ ಬರೆದರೆ ಪ್ರಶಸ್ತಿ ಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಮುಂದೆ ತಾವಾಗಿ ಚಿತ್ರ ಬರೆಯಲು ಕೂತದ್ದು ಉಳಿದವರಿಗಿಂತ ಕಡಿಮೆ. ಕೈಗೆಲಸವೇ ಕಲಿಕೆ ಎಂಬ ನಂಬಿಕೆಗೂ ಹಳೆಯ ಬೇರಿದೆ. 1837ರಲ್ಲಿ ಜರ್ಮನಿಯಲ್ಲಿ ಶಿಶುವಿಹಾರ ಆರಂಭಿಸಿದ ಫ್ರೋಬೆಲ್ ಕಾಗದ ಮಡಚುವುದನ್ನೂ ಹೆಣಿಗೆಯನ್ನೂ ಪಾಠವಾಗಿಸಿದ. ನಮ್ಮ ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳಿಗೆ ಕಲಿಸಲು ಹೊರಟರು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಸಮಯ ಎಲ್ಲಿದೆ ಎನ್ನುವುದು ಮೊದಲನೆಯದು. ಇಡೀ ಮನೆಯನ್ನು ಸಿಂಗರಿಸಹೊರಟರೆ ಸಮಯ ಸಾಲದು, ನಿಜ. ಅದಕ್ಕೇ ಮೇಜೊಂದೇ ಸಾಕು, ಅದರ ಮೇಲೆ ಎರಡು ಮೂರು ವಸ್ತು ಸಾಕು. ಹಾಳೆಯ ದೋಣಿಯನ್ನು ಹಿಂದಿನ ಭಾನುವಾರವೇ ಮಾಡಿ ಒಣಗಿಸಿಡಬಹುದು. ಎರಡನೆಯದು, ನೋಡಿದವರು ಬಡತನ ಅಥವಾ ಜಿಪುಣತನ ಎಂದುಕೊಂಡಾರು ಎಂಬ ಅಳುಕು. ಮದುವೆ ಮಂಟಪಕ್ಕೆ ಸಿರಿ, ಹಿಂಗಾರ ತರಿಸಲು ದುಡ್ಡು ಕೊಡುವ ನಾವು ಅದೇ ಸಾಮಗ್ರಿ ಮಗುವಿನ ಮೇಜಿನಲ್ಲಿದ್ದರೆ ನಾಚಬೇಕಾಗಿಲ್ಲ. ಮೂರನೆಯದು ಮಕ್ಕಳದೇ ಮಾತು: ಅವರಿಗೆ ಕಾರ್ಟೂನಿನ ಗೊಂಬೆ ಬೇಕು. ಬೇಡವೆಂದು ಗದರುವ ಬದಲು ಆ ಗೊಂಬೆಯನ್ನು ಗೆರಟೆಯ ಮೇಲೆ ಬರೆಯಲು ಬಿಡಬೇಕು. ಯಾವುದನ್ನು ಮಾಡಬೇಕೆಂಬ ತೀರ್ಮಾನ ದೊಡ್ಡವರದೇ ಆದರೆ ಮಗು ಕೂಲಿಯಾಳಾಗುತ್ತದೆ, ಈ ಕೆಲಸದ ಉದ್ದೇಶವೇ ಕೆಡುತ್ತದೆ. ಮಂಗಳೂರು, ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಾಳೆ ಎಲ್ಲಿಂದ ತರುವುದು ಎಂದರೆ, ಮಾರುಕಟ್ಟೆಯ ಬಾಳೆಲೆ, ಹಳೆಯ ಪತ್ರಿಕೆ, ಅರಸಿನ ಇದ್ದರೂ ನಡೆಯುತ್ತದೆ.

ಕಸದ ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್, ಪ್ಲಾಸ್ಟಿಕ್ ತಟ್ಟೆ ಲೋಟಗಳು ಇವೆ. ಉಳಿದ ಮಿನುಗು ಸಾಮಾನು, ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಮಹಿಳೆಯರು ಹೊರುವ ಚೀಲ ಸೇರುತ್ತದೆ. ಹಾಳೆ, ದಿಂಡು ತೋಟದ ಬುಡಕ್ಕೆ ಗೊಬ್ಬರವಾಗುತ್ತವೆ. ಆದರೆ ತೋಟದ್ದೆಲ್ಲ ನಿರಪಾಯ ಎಂದು ತಿಳಿಯಬಾರದು. ಕಣಗಿಲೆ ಹೂವೂ ಎಲೆಯೂ ವಿಷ. 2024ರ ಮೇ ತಿಂಗಳಲ್ಲಿ ತಿರುವಿದಾಂಕೂರು ದೇವಸ್ವಂ ಬೋರ್ಡ್ ನೈವೇದ್ಯ, ಪ್ರಸಾದಗಳಿಂದ ಅದನ್ನು ಕೈಬಿಟ್ಟಿತು. ಗುಲಗಂಜಿ ಕಾಳು, ಹಸಿ ಅಡಕೆ ಪುಟ್ಟ ಮಕ್ಕಳ ಮೇಜಿನಿಂದ ದೂರವಿರಲಿ. ಹಾಳೆ ತಟ್ಟೆಯಲ್ಲಿ ಊಟ ಮಾಡುವ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಆಕ್ಷೇಪ ಎತ್ತಿದೆ. ಹಾಳೆಯನ್ನು ಹೂವಿಗೆ ಇಟ್ಟುಕೊಂಡು ತಿಂಡಿಗೆ ಬಾಳೆಲೆ ಹಾಸಿದರೆ ಆ ಚರ್ಚೆಗೆ ನಾವು ಕಾಯಬೇಕಾಗಿಲ್ಲ.

ಮುಂದಿನ ಹುಟ್ಟುಹಬ್ಬಕ್ಕೆ ಪ್ಯಾಕೆಟ್ ತರಿಸುವ ಮೊದಲು ಮಗುವನ್ನು ಒಂದು ಮಾತು ಕೇಳಿ: ಬರುವವರಿಗಾಗಿ ನೀನು ಏನು ಮಾಡಿ ಇಡುತ್ತೀ? ಅದು ಮಾಡಿದ್ದು ಸೊಟ್ಟಗಿದ್ದರೂ ತಿದ್ದದೆ ಮೇಜಿನ ನಡುವೆ ಇಡಿ, ಬಂದವರಿಗೆ ಅದನ್ನು ತೋರಿಸುವ ಕೆಲಸವನ್ನೂ ಮಗುವಿಗೇ ಬಿಡಿ.