ಕೆಡವಿದ ಮನೆ ಎಲ್ಲಿಗೆ ಹೋಯಿತು?

ಮನೆ ಕಟ್ಟಿಸುವಾಗ ಬಾಗಿಲು ಯಾವ ದಿಕ್ಕಿಗೆ, ಕಬ್ಬಿಣ ಯಾವ ಕಂಪನಿಯದು, ಸಾಲ ಯಾವ ಬ್ಯಾಂಕಿನದು ಎಂದು ಹತ್ತು ಜನರನ್ನು ವಿಚಾರಿಸುತ್ತೇವೆ. ಆದರೆ ಅದೇ ನಿವೇಶನದಲ್ಲಿ ಮೊದಲಿದ್ದ ಹಳೆಯ ಮನೆ ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ. ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮ ಬಂಧುಗಳೊಬ್ಬರು ತಂದೆಯ ಕಾಲದ ಮನೆಯನ್ನು ಕೆಡವಿಸಿದರು. ಅವಶೇಷವನ್ನು ಟಿಪ್ಪರಿನವನೊಬ್ಬ ಹಣ ಪಡೆದು ಎರಡು ರಾತ್ರಿಗಳಲ್ಲಿ ಸಾಗಿಸಿದನು. ಕೆಲವು ದಿನಗಳ ತರುವಾಯ ಬೆಳಗಿನ ಸಂಚಾರಕ್ಕೆ ಹೋದ ಅವರಿಗೆ ರಾಜಕಾಲುವೆಯ ಅಂಚಿನಲ್ಲಿ ಹಳದಿ ಸುಣ್ಣ ಬಳಿದ ಗೋಡೆಯ ತುಂಡೊಂದು ಕಾಣಿಸಿತು. ಅದು ಅವರದೇ ಪೂಜೆಯ ಕೋಣೆಯ ಗೋಡೆ! “ಹಣ ಕೊಟ್ಟೆನಲ್ಲ, ನನ್ನ ಹೊಣೆ ತೀರಿತೆಂದುಕೊಂಡಿದ್ದೆ” ಎಂದು ಅವರು ನೊಂದುಕೊಂಡರು. ಈ ಲೇಖನಕ್ಕೆ ಆ ಮಾತೇ ಪ್ರೇರಣೆ.

ಒಂದು ಮನೆಯ ಲೆಕ್ಕ

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲು ಬಂದ ಅನೇಕ ಕುಟುಂಬಗಳು ಲಗ್ಗೆರೆಯಂಥ ಬಡಾವಣೆಗಳ ಚಿಕ್ಕ ನಿವೇಶನಗಳಲ್ಲಿ ನೆಲೆನಿಂತವು. ಆಗಿನ ಒಂದಂತಸ್ತಿನ ಮನೆಗಳು ಈಗ ಉರುಳಿ, ಮೂರು ನಾಲ್ಕು ಅಂತಸ್ತುಗಳು ಏಳುತ್ತಿವೆ. ಕೇಂದ್ರ ಸರಕಾರದ ಟೈಫ್ಯಾಕ್ ಸಂಸ್ಥೆಯ ಅಂದಾಜಿನಂತೆ, ಕಟ್ಟಡ ಕೆಡವಿದರೆ ಪ್ರತಿ ಚದರ ಮೀಟರಿಗೆ 300ರಿಂದ 500 ಕಿಲೋ, ಹೊಸದು ಕಟ್ಟಿದರೆ 40ರಿಂದ 60 ಕಿಲೋ ತ್ಯಾಜ್ಯ ಹುಟ್ಟುತ್ತದೆ. ಇದರಂತೆ 80 ಚದರ ಮೀಟರಿನ, ಅಂದರೆ ಸುಮಾರು 860 ಚದರಡಿಯ ಮನೆಯೊಂದು ಉರುಳಿದರೆ 24ರಿಂದ 40 ಟನ್. ಅದರ ಸ್ಥಾನದಲ್ಲಿ ಅಷ್ಟೇ ವಿಸ್ತಾರದ ಮೂರು ಅಂತಸ್ತು ಎದ್ದರೆ ಮತ್ತೆ 10ರಿಂದ 14 ಟನ್. ಒಂದು ಬೀದಿಯಲ್ಲಿ ಐದು ಮನೆಗಳು ಹೀಗೆ ಬದಲಾದರೆ ಉಂಟಾಗುವ ರಾಶಿಯನ್ನು ಓದುಗರೇ ಊಹಿಸಬಹುದು.

ಅಗ್ಗವೆಂಬ ಭ್ರಮೆ

ಮನೆ ಒಡೆಯುವವರು ಬಾಗಿಲು, ಕಿಟಕಿ, ಕಂಬಿ, ತಂತಿಗಳನ್ನು ಬಿಡುವುದಿಲ್ಲ. ಅವಕ್ಕೆ ಗುಜರಿಯಲ್ಲಿ ಬೆಲೆಯುಂಟು. ಉಳಿಯುವುದು ಕಾಂಕ್ರೀಟು, ಇಟ್ಟಿಗೆ, ಗಾರೆ, ಮಣ್ಣು. ಇದರ ಭಾರ ಹೆಚ್ಚು, ಬೆಲೆ ಕಡಿಮೆ. ಆದುದರಿಂದ ಸಾಗಣೆಯ ದೂರವೇ ಇಲ್ಲಿ ಲಾಭನಷ್ಟವನ್ನು ನಿರ್ಧರಿಸುತ್ತದೆ. ಇಂಥ ತ್ಯಾಜ್ಯವನ್ನು ಪುಡಿಮಾಡಿ ಜಲ್ಲಿ, ಮರಳುಗಳನ್ನಾಗಿಸುವ ಘಟಕವೊಂದು ನಗರದ ಉತ್ತರಕ್ಕೆ ಚಿಕ್ಕಜಾಲದ ಬಳಿ ಸ್ಥಾಪಿತವಾಯಿತು. ಲಗ್ಗೆರೆಯಿಂದ ಅದು ಇಪ್ಪತ್ತು ಕಿಲೋಮೀಟರಿಗೂ ದೂರ. ಅಷ್ಟು ಡೀಸೆಲು ಸುಡುವುದಕ್ಕಿಂತ ಹತ್ತಿರದ ಕಾಲುವೆ ಟಿಪ್ಪರಿನವನಿಗೆ ಅಗ್ಗವಾಗಿ ತೋರುತ್ತದೆ.

ಆದರೆ ಆ ಅಗ್ಗದ ಬೆಲೆಯನ್ನು ತೆರುವವರು ಬೇರೆಯವರು. ಈ ಭಾಗದ ಮಳೆನೀರು ವೃಷಭಾವತಿಯ ಕಣಿವೆಗಿಳಿದು ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಕಾಲುವೆಯಲ್ಲಿ ಕಲ್ಲುಮಣ್ಣು ತುಂಬಿದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಹೂಳೆತ್ತುವ ವೆಚ್ಚ ತೆರಿಗೆಯ ಹಣದಿಂದಲೇ ಸಲ್ಲಬೇಕು. ಒಂದೇ ಕಸಕ್ಕೆ ಮಾಲೀಕನು ಒಮ್ಮೆ, ಊರು ಮತ್ತೊಮ್ಮೆ ಹಣ ತೆತ್ತಂತಾಯಿತು.

ಕಾನೂನು ಮತ್ತು ಮಾರುಕಟ್ಟೆ

ದೆಹಲಿಯ ಬುರಾಡಿಯಲ್ಲಿ 2009ರಲ್ಲಿಯೇ ಇಂಥ ಮರುಬಳಕೆಯ ಘಟಕ ಆರಂಭವಾಗಿತ್ತು. 2016ರ ಕೇಂದ್ರ ನಿಯಮಗಳು ತ್ಯಾಜ್ಯವನ್ನು ಉಂಟುಮಾಡುವವನೇ ಅದಕ್ಕೆ ಹೊಣೆಯೆಂದು ಸಾರಿದವು. ಸರಕಾರಿ ಕಾಮಗಾರಿಗಳಲ್ಲಿ ಶೇಕಡಾ 10ರಿಂದ 20ರಷ್ಟು ಇಂಥ ಸಾಮಗ್ರಿಯನ್ನು ಬಳಸಬೇಕೆಂದವು. ಆದರೆ ಯೋಜನೆ ಸಲ್ಲಿಸಿ ಅನುಮತಿ ಪಡೆಯುವ ಕಟ್ಟುನಿಟ್ಟು ಇದ್ದುದು ದಿನಕ್ಕೆ 20 ಟನ್ನಿಗೆ ಅಥವಾ ತಿಂಗಳಿಗೆ 300 ಟನ್ನಿಗೆ ಮೀರಿದವರಿಗೆ. 2025ರಲ್ಲಿ ಪ್ರಕಟವಾಗಿ, 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಪಡಿಸಲಾದ ಹೊಸ ನಿಯಮಗಳಲ್ಲಿ ಮರುಬಳಕೆಯ ಗುರಿಯು 20,000 ಚದರ ಮೀಟರಿನ ಮತ್ತು ಅದಕ್ಕೂ ಹಿರಿದಾದ ಕಟ್ಟಡಗಳಿಗೆ ಅನ್ವಯ. ಲಗ್ಗೆರೆಯ ಚಿಕ್ಕ ಮನೆಗಳು ಈ ಜಾಲರಿಯಲ್ಲಿ ಸಿಲುಕುವುದಿಲ್ಲ. ಅಲ್ಲಿ ಕೆಲಸ ಮಾಡಬೇಕಾದುದು ಮನೆಯ ಯಜಮಾನನ ವಿವೇಕ.

ಮರುಬಳಕೆಯ ಜಲ್ಲಿಯ ಬಗ್ಗೆ ಅಪನಂಬಿಕೆಯೂ ಉಂಟು. ಭಾರತೀಯ ಮಾನಕ 383ರ 2016ರ ಆವೃತ್ತಿ ಇದಕ್ಕೆ ಮಿತಿಗಳನ್ನು ಹಾಕಿಕೊಟ್ಟಿದೆ: ಎಂ-25ರವರೆಗಿನ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ಶೇಕಡಾ 20, ಕಂಬಿಯಿಲ್ಲದುದರಲ್ಲಿ 25, ತೆಳು ಕಾಂಕ್ರೀಟಿನಲ್ಲಿ ನೂರಕ್ಕೆ ನೂರು. ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಬೆರೆಸಿದ ಸುರ್ಕಿ ಗಾರೆಯಿಂದಲೇ ಕನ್ನಂಬಾಡಿ ಕಟ್ಟೆ ಎದ್ದಿತೆಂಬುದನ್ನು ಬಲ್ಲವರು ಒಡೆದ ಇಟ್ಟಿಗೆಯನ್ನು ಕಸವೆಂದು ತಿರಸ್ಕರಿಸಲಾರರು.

ಮನೆಯವರು ಮಾಡಬಹುದಾದುದು

ಕೆಡವುವ ಮೊದಲೇ ಇಟ್ಟಿಗೆ, ಕಾಂಕ್ರೀಟು, ಮಣ್ಣುಗಳನ್ನು ಬೇರೆ ಬೇರೆ ರಾಶಿ ಮಾಡಲು ಮೇಸ್ತ್ರಿಗೆ ಹೇಳಿರಿ. ಎಲ್ಲವೂ ಕಲೆತರೆ ಘಟಕದಲ್ಲಿ ಆರಿಸುವ ಕೂಲಿ ಹೆಚ್ಚಿ, ಸರಕಿನ ಬೆಲೆ ಕುಸಿಯುತ್ತದೆ. ಇಂಜಿನಿಯರರ ಒಪ್ಪಿಗೆಯಿದ್ದರೆ ಇಟ್ಟಿಗೆ ಚೂರನ್ನು ನಿಮ್ಮದೇ ಹೊಸ ಮನೆಯ ನೆಲದಡಿ ತುಂಬಿಸಿರಿ. ಸಾಗಣೆಯ ಖರ್ಚೂ ಉಳಿಯಿತು, ಹೊಸ ಮಣ್ಣು ಕೊಳ್ಳುವುದೂ ತಪ್ಪಿತು. ಮಿಕ್ಕುದು ಎಲ್ಲಿಗೆ ಹೋಗುವುದೆಂದು ಕರಾರಿನಲ್ಲಿಯೇ ಬರೆಸಿ, ಅಲ್ಲಿ ಇಳಿಸಿದ ರಸೀದಿ ತೋರಿಸಿದ ಮೇಲೆಯೇ ಕೊನೆಯ ಕಂತು ಕೊಡಿರಿ. ಟಿಪ್ಪರಿನವನ ಕಾಯಕಕ್ಕೆ ನ್ಯಾಯವಾದ ಬಾಡಿಗೆ ಸಲ್ಲಲಿ. ತೀರ ಕಡಿಮೆಗೆ ಒಪ್ಪಿಕೊಂಡವನು ದೂರ ಹೋಗಲಾರನೆಂಬುದು ನಮಗೂ ತಿಳಿದಿರಬೇಕು.

ನಮ್ಮ ಬಂಧುಗಳು ಮರುದಿನವೇ ಕೂಲಿಯವರನ್ನು ಕರೆದೊಯ್ದು, ಕಾಲುವೆಯಂಚಿನ ಆ ರಾಶಿಯನ್ನು ತುಂಬಿಸಿ ಸರಿಯಾದೆಡೆಗೆ ಕಳುಹಿಸಿದರು. ಎರಡನೆಯ ಬಾರಿ ಹಣ ತೆತ್ತುದಕ್ಕೆ ಅವರಿಗೆ ವ್ಯಸನವಿಲ್ಲ. ತಂದೆ ಕಟ್ಟಿಸಿದ ಗೋಡೆ ನೆರೆಯವರ ಮನೆಗೆ ನೀರು ನುಗ್ಗಿಸಲಿಲ್ಲವೆಂಬ ಸಮಾಧಾನದಿಂದಲೇ ಅವರು ಗೃಹಪ್ರವೇಶ ಮಾಡಿದರು.