ಮಂಡಿ ಕೀಲು ಬದಲಿಸಿದರೂ ನೋವು ಹೋಗಿಲ್ಲವೇ? ಯಾವುದು ಸಹಜ, ಯಾವುದನ್ನು ಕಡೆಗಣಿಸಬಾರದು?

ಆಪರೇಷನ್ ಆಗಿ ಆರು ತಿಂಗಳಾಗಿದೆ. ಎಕ್ಸ್‌ರೇ ನೋಡಿದ ಡಾಕ್ಟರು 'ಎಲ್ಲ ಸರಿಯಾಗಿದೆ' ಎಂದಿದ್ದಾರೆ. ಆದರೂ ಮೆಟ್ಟಿಲು ಇಳಿಯುವಾಗ ನೋವು, ರಾತ್ರಿ ಮಗ್ಗುಲು ಬದಲಿಸಿದರೆ ನೋವು. 'ಇಷ್ಟು ದುಡ್ಡು ಸುರಿದು ಏನು ಬಂತು' ಎಂದು ಅಮ್ಮ ಕೊರಗಿದರೆ, 'ನಿಮ್ಮದು ಬರೀ ಭಯ' ಎಂದು ಮನೆಯವರು ತಳ್ಳಿಹಾಕುವುದೂ ಉಂಟು. ಹಾಗೆ ತಳ್ಳಿಹಾಕುವುದು ತಪ್ಪು. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2012ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಮಂಡಿ ಕೀಲು ಬದಲಿಸಿಕೊಂಡ ಸುಮಾರು 5 ಜನರಲ್ಲಿ ಒಬ್ಬರಿಗೆ ನೋವು ದೀರ್ಘಕಾಲ ಉಳಿಯುತ್ತದೆ.

ಎಷ್ಟು ದಿನ ಸಹಜ?

ಸವೆದ ಮೂಳೆಯ ತುದಿ ಕತ್ತರಿಸಿ ಲೋಹ, ಪ್ಲಾಸ್ಟಿಕ್‌ನ ಕೀಲು ಕೂರಿಸುವಾಗ ಸುತ್ತಲಿನ ಸ್ನಾಯುಗಳಿಗೂ ಪೆಟ್ಟು ಬೀಳುತ್ತದೆ. ಹಾಗಾಗಿ ಮೊದಲ ಮೂರರಿಂದ ಆರು ತಿಂಗಳು ಸ್ವಲ್ಪ ಊತ, ಮಂಡಿ ಮುಟ್ಟಿದರೆ ಬೆಚ್ಚಗಿರುವುದು ಸಾಮಾನ್ಯ. ಗಾಯದ ಹೊರಬದಿಯ ಚರ್ಮ ಜೋಮು ಹಿಡಿದಂತಿದ್ದರೂ ಗಾಬರಿ ಬೇಡ. ಅಲ್ಲಿನ ಸಣ್ಣ ನರ ಕತ್ತರಿಸಿರುತ್ತದೆ. ಪೂರ್ತಿ ಚೇತರಿಕೆಗೆ ಒಂದು ವರ್ಷ ಹಿಡಿಯಬಹುದು. ಕಳೆದ ತಿಂಗಳಿಗಿಂತ ಈ ತಿಂಗಳು ನೋವು ಕಡಿಮೆಯೇ ಎಂಬುದೇ ಮುಖ್ಯ ಪ್ರಶ್ನೆ. ಮೂರು ತಿಂಗಳ ನಂತರವೂ ಇಳಿಯದಿದ್ದರೆ ಕಾರಣ ಹುಡುಕಬೇಕು.

ನೋವು ಎಲ್ಲಿಂದ ಬರುತ್ತಿದೆ?

ಡಾಕ್ಟರ ಬಳಿ 'ನೋವಿದೆ' ಎಂದಷ್ಟೇ ಹೇಳಿದರೆ ಸಾಲದು. ನಿಂತಾಗ, ನಡೆದಾಗ ಮಾತ್ರ ಬರುವ ನೋವು ಕೀಲು ಸಡಿಲಗೊಂಡಿರುವ ಅಥವಾ ಸರಿಯಾಗಿ ಬಿಗಿಯಿಲ್ಲದಿರುವ ಸೂಚನೆಯಾಗಿರಬಹುದು. ಸುಮ್ಮನೆ ಮಲಗಿದ್ದಾಗಲೂ ಬಿಡದ ನೋವಿದ್ದರೆ ಸೋಂಕಿನ ಅನುಮಾನ. ಉರಿ, ಕರೆಂಟ್ ಹೊಡೆದಂಥ ಅನುಭವ, ಬಟ್ಟೆ ತಾಗಿದರೂ ನೋವು ಎಂದರೆ ನರದ ತೊಂದರೆ. ಇದಕ್ಕೆ ಮಾಮೂಲಿ ನೋವಿನ ಮಾತ್ರೆ ಹೆಚ್ಚು ಕೆಲಸ ಮಾಡುವುದಿಲ್ಲ, ಬೇರೆ ಔಷಧಿಗಳಿವೆ. ಕೆಲವೊಮ್ಮೆ ಮಂಡಿಯ ತಪ್ಪೇ ಇರುವುದಿಲ್ಲ. ಸೊಂಟದ ಕೀಲು ಸವೆದಿದ್ದರೂ, ಕೆಳಬೆನ್ನಿನ ನರ ಒತ್ತಿದ್ದರೂ ನೋವು ಮಂಡಿಯಲ್ಲೇ ಕಾಣಿಸಿಕೊಳ್ಳುತ್ತದೆ. ಎಕ್ಸ್‌ರೇ ಇವೆಲ್ಲವನ್ನೂ ತೋರಿಸುವುದಿಲ್ಲ.

ವರ್ಷಗಟ್ಟಲೆ ನೋವು ತಿಂದ ಮೇಲೆ ಆಪರೇಷನ್ ಮಾಡಿಸಿಕೊಂಡವರಲ್ಲಿ ನರವ್ಯೂಹವೇ ಅತಿ ಸೂಕ್ಷ್ಮವಾಗಿ, ಸಣ್ಣ ನೋವೂ ದೊಡ್ಡದಾಗಿ ಕಾಡಬಹುದು. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಿದರೆ ಅದು ಇನ್ನೂ ಏರುತ್ತದೆ. ಹಾಗೆಂದು ಅದು ಸುಳ್ಳು ನೋವಲ್ಲ.

ಮನೆಯಲ್ಲಿ ಏನು ಮಾಡಬಹುದು?

ನಮ್ಮಲ್ಲಿ ತುಂಬ ಜನ ಮಾಡುವ ತಪ್ಪೆಂದರೆ ಮಂಡಿಯ ಕೆಳಗೆ ದಿಂಬಿಟ್ಟು ಮಲಗುವುದು. ಆ ಕ್ಷಣಕ್ಕೆ ಹಿತ, ಆದರೆ ಕಾಲು ಪೂರ್ತಿ ನೇರವಾಗದೆ ಉಳಿಯುತ್ತದೆ. ನಡೆಯುವಾಗ ನೋವು ಹೆಚ್ಚುತ್ತದೆ. ದಿಂಬು ಇಡುವುದಿದ್ದರೆ ಹಿಮ್ಮಡಿಯ ಕೆಳಗಿಡಿ. ಊದಿದ ಮಂಡಿಗೆ ಬಿಸಿ ಎಣ್ಣೆ ತಿಕ್ಕುವ ಬದಲು ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ. ಫಿಸಿಯೋಥೆರಪಿ ಆರು ವಾರಕ್ಕೇ ನಿಲ್ಲಿಸಬೇಡಿ, ತೊಡೆಯ ಸ್ನಾಯು ಬಲವಾಗಲು ತಿಂಗಳುಗಳೇ ಬೇಕು. ವ್ಯಾಯಾಮದ ಮರುದಿನ ಮಂಡಿ ಊದಿದರೆ ಪ್ರಮಾಣ ಇಳಿಸಿ, ಪೂರ್ತಿ ಬಿಡಬೇಡಿ. ಊರುಗೋಲು ಎದುರು ಬದಿಯ ಕೈಯಲ್ಲಿರಲಿ. ಲಿಫ್ಟ್ ಇಲ್ಲದ ಬಿಲ್ಡಿಂಗ್‌ನಲ್ಲಿದ್ದರೆ, ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಶುಗರ್, ಬಿಪಿ ಇರುವವರ ಕಿಡ್ನಿಗೆ ಅಪಾಯ.

ತಡಮಾಡಬಾರದ ಲಕ್ಷಣಗಳು

ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಕಡಿಮೆಯಾಗಿದ್ದ ನೋವು ಇದ್ದಕ್ಕಿದ್ದಂತೆ ಏರುವುದು ಕಂಡರೆ ಅಂದೇ ಆಪರೇಷನ್ ಮಾಡಿದ ವೈದ್ಯರನ್ನು ಕಾಣಿ. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಜೊತೆಗೆ ಉಸಿರಾಟದ ತೊಂದರೆಯಿದ್ದರೆ ನೇರ ಎಮರ್ಜೆನ್ಸಿಗೆ ಹೋಗಿ. ಸೋಂಕಿನ ಅನುಮಾನವಿದ್ದಾಗ ನಿಮ್ಮಷ್ಟಕ್ಕೇ ಆಂಟಿಬಯಾಟಿಕ್ ಶುರು ಮಾಡಬೇಡಿ. ಮಂಡಿಯ ನೀರು ತೆಗೆದು ಪರೀಕ್ಷಿಸುವ ಮೊದಲೇ ಔಷಧಿ ಬಿದ್ದರೆ ರೋಗಾಣು ಸಿಗದೆ ಹೋಗಬಹುದು.

ಇನ್ನೊಂದು ಆಪರೇಷನ್ ಮಾಡಿಸೋಣ ಎಂಬ ಸಲಹೆ ಬಂದರೆ, 'ನೋವಿಗೆ ಕಾರಣ ಏನೆಂದು ಖಚಿತವಾಗಿದೆಯೇ?' ಎಂದು ಕೇಳಿ. ಸೋಂಕು, ಸಡಿಲತೆಯಂಥ ಕಾರಣ ಸಿಕ್ಕಿದ್ದರೆ ಅದರಿಂದ ಪ್ರಯೋಜನವಿದೆ. ಕಾರಣವೇ ತಿಳಿಯದೆ ಕೀಲು ಮತ್ತೆ ಬದಲಿಸಿದರೆ ನೋವು ಹಾಗೇ ಉಳಿಯುವ ಸಾಧ್ಯತೆ ಹೆಚ್ಚು. ಅದಕ್ಕೂ ಮೊದಲು ಬೇರೊಬ್ಬ ಮೂಳೆ ತಜ್ಞರ ಅಭಿಪ್ರಾಯ ಪಡೆಯಿರಿ.